ಟವಲಿನ ಅಡಿಯ ಗೇಮ್ ಸುದ್ದಿ

ವಿಡಿಯೋ ಗೇಮಿನ ವಿಷಯದಲ್ಲಿ ರಾಯಬಾಗದಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಇದು ನನ್ನದೇ ಅಭಿಪ್ರಾಯ. ತೊಂಬತ್ತರ ದಶಕದಲ್ಲಿ, ಟಿವಿಗೆ ಜೋಡಿಸಿ ಆಡುವ ಆ ಪೆಟ್ಟಿಗೆಯನ್ನು ನಮ್ಮ ಓಣಿಗೆ ಮೊದಲು ತಂದವನು ನಾನು. ಆದರೆ ಯಾವ ಹೊಸ ಕ್ಯಾಸೆಟ್ ಕೊಳ್ಳಬೇಕೆಂಬ ಖಚಿತ ಸುದ್ದಿ ಮಾತ್ರ ಸಿಗುತ್ತಿರಲಿಲ್ಲ. ಸುದ್ದಿಗೆ ಬರವಿತ್ತೆಂದಲ್ಲ. ಬಸ್ ಸ್ಟ್ಯಾಂಡಿನ ಎದುರು ಭರಮಣ್ಣನ ಕ್ಯಾಸೆಟ್ ಅಂಗಡಿಯ ಕಟ್ಟೆಯ ಮೇಲೆ ಅದು ಬೇಕಾದಷ್ಟು ಸಿಗುತ್ತಿತ್ತು. ಕೊನೆಯ ಹಂತ ದಾಟಿದರೆ ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲೂ ಬಣ್ಣ ಬರುತ್ತದೆ ಎಂದು ಒಬ್ಬರು ಆಣೆ ಮಾಡಿ ಹೇಳಿದರು. ಜನ್ಮದಲ್ಲಿ ಗೇಮ್ ಮುಟ್ಟದ ಪಕ್ಕದಂಗಡಿಯ ಟೇಲರ್ ಮಹಾಶಯರು ಯಾವ ಗುಂಡಿ ಒತ್ತಬೇಕೆಂದು ನನಗೆ ಪಾಠ ಮಾಡಿದರು. ಇವರನ್ನೆಲ್ಲ ನಂಬಿ ತಂದ ನೂರು ಆಟದ ಕ್ಯಾಸೆಟ್ಟಿನಲ್ಲಿ ಒಂದೇ ಆಟ ನೂರು ಹೆಸರು ಇಟ್ಟುಕೊಂಡು ಕುಳಿತಿತ್ತು!

ನಿಜ ಗೊತ್ತಿದ್ದವನು ಭರಮಣ್ಣ ಒಬ್ಬನೇ. ಮಿರಜಿಗೆ ಹೋಗಿ, ಒಂದೊಂದನ್ನೂ ಆಡಿ ನೋಡಿ ತರುತ್ತಿದ್ದ. ಆದರೆ ಗಿರಾಕಿಗಳ ಎದುರು ತನ್ನ ಮಾಲನ್ನು ತಾನೇ ಕಳಪೆ ಎನ್ನಲು ಅವನಿಗೇನು ಹುಚ್ಚೇ?

ಆಗ ನನ್ನ ತಲೆ ಓಡಿತು. ದನದ ಸಂತೆಯಲ್ಲಿ ದಲಾಲರು ಟವಲಿನ ಅಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯುವುದಿಲ್ಲ. ಸುದ್ದಿಯನ್ನೂ ಹಾಗೆಯೇ ಪಡೆದರೆ ಗದ್ದಲವೇ ಇಲ್ಲ! ಒಂದು ಬೆರಳು ಹಿಡಿದರೆ ಕಳಪೆ, ಐದೂ ಹಿಡಿದರೆ ಉತ್ತಮ. ಭರಮಣ್ಣ ನಗುತ್ತಲೇ ಒಪ್ಪಿದ.

ಈ ಮಹತ್ಕಾರ್ಯಕ್ಕೆ ನಾನು ಆರಿಸಿಕೊಂಡದ್ದು ಸಂತೆಯ ದಿನವನ್ನೇ. ಅಂದು ಹೆಂಡತಿ ಸುಶೀಲಾಳ ಎಮ್ಮೆಯನ್ನು ದನದ ದವಾಖಾನೆಗೆ ಒಯ್ದಿದ್ದೆ. ಅದು ಅವಳ ತವರಿನಿಂದ ಬಂದ ಎಮ್ಮೆ. ನಮ್ಮ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ನನಗಿಲ್ಲ. ಮರಳುವಾಗ ಅದನ್ನು ಅಂಗಡಿಯ ಮುಂದಿನ ಕಂಬಕ್ಕೆ ಕಟ್ಟಿದೆ. ಒಳಗೆ ಗಿರಾಕಿಗಳಿದ್ದರು. ಭರಮಣ್ಣನನ್ನು ಹೊರಗೆ ಕರೆದು, ಹೊಸದಾಗಿ ಬಂದ ಕ್ಯಾಸೆಟ್ ಹೇಗಿದೆ ಎಂದು ಮೆಲ್ಲಗೆ ಕೇಳಿ, ಇಬ್ಬರ ಕೈಮೇಲೆ ಟವಲು ಹಾಕಿದೆ.

ಐದೂ ಬೆರಳು ಹಿಡಿದ! ನನ್ನ ಮುಖ ಅರಳಿತು.

ಸಂತೆಯ ಜನ ಕಂಡದ್ದು ಇಷ್ಟೇ: ಕಟ್ಟಿದ ಎಮ್ಮೆ, ಟವಲು, ಹಲ್ಲು ಕಿರಿಯುತ್ತಿದ್ದ ಯಜಮಾನ. ಒಬ್ಬ ಎಮ್ಮೆಯ ಬಾಯಿ ತೆರೆದು ಹಲ್ಲು ನೋಡಿದ. ಇನ್ನೊಬ್ಬ ಕೆಚ್ಚಲು ಮುಟ್ಟಿ ನೋಡಿದ.

"ಅಲ್ರೀ, ನಾ ಗೇಮಿನ ಸುದ್ದಿ ಕೇಳಾಕತ್ತೇನ್ರಿ," ಎಂದೆ. ಸತ್ಯ ಹೇಳಿದ್ದೇ ತಪ್ಪಾಯಿತು. ವಿಡಿಯೋ ಗೇಮಿಗಾಗಿ ಹೆಂಡತಿಯ ಎಮ್ಮೆ ಮಾರಿದ ಎಂಬ ಸುದ್ದಿ, ನಾನು ಹೊಸ ಕ್ಯಾಸೆಟ್ ಕೊಂಡು ಮನೆ ಮುಟ್ಟುವ ಮೊದಲೇ ಮುಟ್ಟಿತ್ತು. ಎಮ್ಮೆ ನನ್ನ ಹಿಂದೆಯೇ ಬಂದದ್ದನ್ನು ನೋಡಿದರೂ ಸುಶೀಲಾಳ ಸಿಟ್ಟು ಇಳಿಯಲಿಲ್ಲ. ವ್ಯಾಪಾರ ಮುರಿದಿರಬೇಕು ಎಂದುಕೊಂಡಳು.

ಸಂತೆಗೆ ಬಂದವರೊಡನೆ ಸುದ್ದಿ ರೈಲು ಹತ್ತಿ ಸುಶೀಲಾಳ ತವರು ಉಗಾರಕ್ಕೂ ಹೋಯಿತು. ಸಂಜೆಯ ರೈಲಿಗೆ ಅವಳ ತಮ್ಮ ಅಪ್ಪಾಸಾಹೇಬ ಬಂದಿಳಿದ.

"ಎಮ್ಮಿ ಬ್ಯಾಡಾಗಿದ್ರ ನಮಗೊಂದ ಮಾತ ಹೇಳಬೇಕಿತ್ರಿ ಮಾಮಾ. ನಾವ ಒಯ್ತಿದ್ವಿ," ಎಂದ, ಬಹಳ ವಿನಯದಿಂದ. ಆ ವಿನಯಕ್ಕೆ ನನಗೆ ನಾಚಿಕೆಯಾಯಿತು.

ನಾನು ಕೊಟ್ಟಿಗೆಯತ್ತ ಕೈತೋರಿಸಿದೆ. ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತಿತ್ತು. ಆದರೂ ಅಷ್ಟು ದೂರದಿಂದ ಬಂದ ತಮ್ಮನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಸುಶೀಲಾ ಒಳಗೆ ಹೋಗಿ, ಗೇಮಿನ ಪೆಟ್ಟಿಗೆ, ಹೊಸ ಕ್ಯಾಸೆಟ್ ಎಲ್ಲವನ್ನೂ ಅದೇ ಟವಲಿನಲ್ಲಿ ಗಂಟು ಕಟ್ಟಿ ತಂದಳು.

"ಎಮ್ಮಿ ಇಲ್ಲೇ ಇರಲಿ ತಮ್ಮಾ. ಇದನ್ನ ಒಯ್ಯಿ."

ಮುಂದೆ ಅಪ್ಪಾಸಾಹೇಬ ಸಂತೆಗೆ ಬಂದಾಗಲೆಲ್ಲ, ಯಾವ ಗೇಮ್ ಹೇಗಿದೆ, ಯಾವ ಹಂತ ಹೇಗೆ ದಾಟಬೇಕು ಎಂದು ಒಂದೂ ಸುಳ್ಳಿಲ್ಲದೆ ವಿವರಿಸುತ್ತಿದ್ದ. ಗದ್ದಲವಿಲ್ಲದ ಖಚಿತ ಸುದ್ದಿ ಕೊನೆಗೂ ನನ್ನ ಮನೆ ಬಾಗಿಲಿಗೇ ಬಂತು. ಎಮ್ಮೆಗೆ ಮೇವು ಹಾಕುತ್ತ ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.