ಫಾಬ ಎನ್ನಲಾಗದವನ ಮದುವೆ ಪ್ರಸ್ತಾಪ

ಇಂದ:
ವೋಲ್ತಾ, ವ್ಯಾಕರಣದ ಮೇಷ್ಟ್ರು,
ಹುಟ್ಟೂರು ಫಲೇರಿ, ಹಾಲಿ ವಾಸ ರೋಮ್

ಗೆ:
ಅವುಲುಸ್ ಫಾದಿಯುಸ್ ಅವರು,
ಅವರೆ ವ್ಯಾಪಾರಿಗಳು, ದನದ ಪೇಟೆಯ ಹಿಂಬದಿ, ರೋಮ್

ವಿಷಯ: ತಮ್ಮ ಮಗಳನ್ನು ಮದುವೆ ಮಾಡಿಕೊಡುವ ಬಗ್ಗೆ, ಮಾಂಸ ತುಂಬಿದ ಕರುಳಿನ ಬಗ್ಗೆ ಅಲ್ಲ.

ಉಲ್ಲೇಖ: ಕಳೆದ ಸಂತೆಯಂದು ಸಲ್ಲಿಸಿದ ಮೌಖಿಕ ಮನವಿ ಹಾಗೂ ಅದರ ಮೇಲೆ ಬಡಿಸಲಾದ ಊಟ.

ಮಾನ್ಯರೇ,

೧. ಅರ್ಜಿದಾರನು ಈ ಊರಿಗೆ ಬಂದ ಹೊಸತರಲ್ಲಿ ತಮ್ಮ ಅಂಗಡಿಯಲ್ಲಿ ಅವರೆ ಕೇಳುತ್ತಾ, ತನ್ನ ಊರಿನ ರೂಢಿಯಂತೆ "ಹಾಬ ಕೊಡಿ" ಎಂದಿದ್ದನು. ತಾವು, "ಫಾಬ ಅನ್ನಿ ಮೇಷ್ಟ್ರೇ, ಫಾಬ! ತುಟೀನ ಊರಲ್ಲೇ ಅಡ ಇಟ್ಟು ಬಂದ್ರಾ?" ಎಂದಿರಿ.

೨. ಕಾಳು ಕಟ್ಟಿಸಿಕೊಂಡು ಸುಮ್ಮನೆ ಹೋಗುವ ಬುದ್ಧಿ ಇಲ್ಲದ ಕಾರಣ ಅರ್ಜಿದಾರನು ಅಲ್ಲೇ ಪಾಠ ಶುರುಮಾಡಿದನು. ಸದರಿ ಪದ ಸ್ತ್ರೀಲಿಂಗ. ಪ್ರಥಮಾ 'ಫಾಬ', ದ್ವಿತೀಯಾ 'ಫಾಬಮ್', ಷಷ್ಠಿ 'ಫಾಬೈ'. ಹಳಬರ ಒಂದೇ ಮಾತು ರೋಮಿನಲ್ಲಿ ಫಕಾರವಾಗಿ, ಫಲೇರಿಯಲ್ಲಿ ಹಕಾರವಾಗಿ ಕವಲೊಡೆಯಿತು. ಆದ್ದರಿಂದ ಎರಡೂ ಒಡಹುಟ್ಟಿದವು. ಹಿಂದೆ ನಿಂತಿದ್ದ ಗಿರಾಕಿಗಳೆಲ್ಲ ಬೇರೆ ಅಂಗಡಿಗೆ ಹೋದರು. ತಮ್ಮ ಮಗಳು ಫಾದಿಯಾ ಮಾತ್ರ, "ಹಾಗಾದ್ರೆ ಒಂದೇ ಕಾಳಿದ್ರೂ ಫಾಬ, ಮೂಟೆ ತುಂಬ ಇದ್ರೂ ಫಾಬಾನೇನಾ?" ಎಂದಳು. ಅರ್ಜಿದಾರನ ಪಾಠದಲ್ಲಿ ಅದುವರೆಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ. ಕಾರಣ, ಅಂದಿನಿಂದ ಅವನು ದಿನವೂ ಅವರೆ ಕೊಂಡನು. ಹೊಟ್ಟೆಯ ಮೇಲಾದ ಪರಿಣಾಮ ಇಲ್ಲಿ ಅಪ್ರಸ್ತುತ.

೩. ಕಳೆದ ಸಂತೆಯಂದು ದಾರಿಯುದ್ದಕ್ಕೂ ಫಕಾರ ಉರುಹೊಡೆದು ಬಂದು, "ನಿಮ್ಮ ಫೀಲಿಯಳನ್ನು ಕೊಡಿ", ಅರ್ಥಾತ್ ಮಗಳನ್ನು ಕೊಡಿ, ಎನ್ನಬೇಕೆನ್ನುವಷ್ಟರಲ್ಲಿ ಅವಳೇ ಎದುರು ಬಂದಳು. ನಾಲಿಗೆ ಫಲೇರಿಗೆ ಓಡಿಹೋಗಿ "ಹೀಲಿಯ" ಎಂದಿತು. ತಮಗದು "ಹಿಲ್ಲ", ಅರ್ಥಾತ್ ಮಾಂಸ ತುಂಬಿದ ಕರುಳು, ಎಂದು ಕೇಳಿಸಿತು. "ಅಷ್ಟಕ್ಕ್ಯಾಕೆ ಇಷ್ಟು ಬೆವರ್ತೀರಾ? ಕೂತ್ಕೊಳ್ಳಿ!" ಎಂದು ಬಿಸಿಬಿಸಿಯಾಗಿ ತಂದಿಟ್ಟಿರಿ. ಜೀವಮಾನವೆಲ್ಲ ಪರರ ತಪ್ಪು ತಿದ್ದಿದ ಅರ್ಜಿದಾರನು ಆ ಒಂದು ತಪ್ಪು ತಿದ್ದಲು ಧೈರ್ಯ ಸಾಲದೆ ತಿಂದನು. ಮತ್ತೆ ಬಡಿಸಿದಿರಿ. ಅದನ್ನೂ ತಿಂದನು.

೪. ಮರುದಿನ ಫಾದಿಯಾ ಪಾಠದ ಜಾಗಕ್ಕೇ ಬಂದು, "ನನ್ನ ಕೇಳೋಕೆ ಬಂದವ್ರು ಉಂಡು ಬಾಯಿ ಒರೆಸ್ಕೊಂಡು ಹೋದ್ರಲ್ಲ! ಅಪ್ಪ ಎಣ್ಣೆ ವ್ಯಾಪಾರಿಗೆ ಮಾತು ಕೊಡೋಕೆ ಹೊರಟಿದ್ದಾನೆ. ಬಾಯಲ್ಲಿ ಆಗ್ದಿದ್ರೆ ಬರೆದಾದ್ರೂ ಕೊಡಿ, ನಾನೇ ಓದಿ ಹೇಳ್ತೀನಿ" ಎಂದು ಗದರಿದಳು.

ಆದ್ದರಿಂದ, ಸದರಿ ಎಣ್ಣೆ ವ್ಯಾಪಾರಿಯ ಉಚ್ಚಾರಣೆ ನಿರ್ದೋಷವೆಂದು ಒಪ್ಪಿಕೊಳ್ಳುತ್ತಲೇ, ತಾವು ದಯಮಾಡಿ ಫಾದಿಯಾಳನ್ನು ಅರ್ಜಿದಾರನಿಗೆ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ವೋಲ್ತಾ

ಲಗತ್ತು:
(ಅ) ಫಾಬ ಪದದ ವಿಭಕ್ತಿ ರೂಪಗಳು, ಎರಡೂ ವಚನಗಳಲ್ಲಿ. ಯಾರೂ ಕೇಳಿಲ್ಲ.
(ಆ) ಕಣ್ತಪ್ಪಿ ಒಯ್ದಿದ್ದ ತಮ್ಮ ತಟ್ಟೆ, ತೊಳೆದದ್ದು.

ಷರಾ (ಹೇಳಿದವರು ಅವುಲುಸ್, ಬರೆದವಳು ಫಾದಿಯಾ):
ಓದ್ತಾ ಓದ್ತಾ ಹುಡುಗಿ ನಕ್ಕಳು, ಆಮೇಲೆ ಅತ್ತಳು. ಎಣ್ಣೆಯವನು ಬಂದಾಗ ಎರಡೂ ಮಾಡಿರ್ಲಿಲ್ಲ. ಒಪ್ಪಿದೀನಿ ಮೇಷ್ಟ್ರೇ. ಮದುವೆ ದಿನ ಮಾತ್ರ ಬಾಯಿ ಬಿಡಬೇಡಿ, ತಲೆ ಆಡಿಸಿ ಸಾಕು.