ಮಾಮಾ ಕಾಯುವ ಹೇಕಲ್

ಹೀಬ್ರೂ ಭಾಷೆಯಲ್ಲಿ ನಮ್ಮ ಮಾಮಾನಿಗೆ ಬರುವುದು ಮೂರೇ ಶಬ್ದ. ಆದರೆ ಆ ಮೂರನ್ನು ಇಟ್ಟುಕೊಂಡು ಅವನು ಶಹಾಪುರದ ಜನರಿಗೆ ಕೊಡುವ ಕಾಟವನ್ನು ಆ ಭಾಷೆಯನ್ನು ಪೂರಾ ಬಲ್ಲವರೂ ಕೊಡಲಾರರು!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಜೀವನವಿಡೀ ಬಸ್ಸಿನಲ್ಲಿ ಕಂಡಕ್ಟರನಾಗಿ "ಒಳಗ ಸರೀರಿ, ಒಳಗ ಸರೀರಿ" ಎಂದು ಜನರನ್ನು ನೂಕಿದವನು. ನಿವೃತ್ತನಾದ ಮೇಲೆ ಚಹಾ ಕುಡಿದು ಸುಮ್ಮನೆ ಕೂರಬಾರದೆ? ಇಲ್ಲ, ಮೊಬೈಲಿನಲ್ಲಿ ಯಾರೋ ಗಡ್ಡದವರ ಪಾಠ ಕೇಳಿ ವಿದ್ವಾಂಸನಾದ. ಅಂದಿನಿಂದ ಭಾನುವಾರ ಚರ್ಚಿನಲ್ಲಿ ಪಾಸ್ಟರ್ "ದೇವಾಲಯ" ಎಂದರೆ ಸಾಕು, ಹಿಂದಿನ ಬೆಂಚಿನಿಂದ ಕೈ ಏಳುತ್ತದೆ. "ಮೂಲದಾಗ ಹೇಕಲ್ ಅಂತ ಅದ ರೀ!" ಬಡಪಾಯಿ ಪಾಸ್ಟರ್ ಈಗೀಗ "ದೇವರ ಆ ಜಾಗ" ಎಂದು ತಡವರಿಸಿ ಮುಂದೆ ದಾಟುತ್ತಾರೆ.

ಹೇಕಲ್ ಎಂದರೇನು? ಕೇಳಿದವರು ಕೆಟ್ಟರು. ಅರಸನ ಅರಮನೆಗೂ ಅದೇ ಹೆಸರಂತೆ, ದೇವರ ಆಲಯಕ್ಕೂ ಅದೇ. ಅಷ್ಟಕ್ಕೇ ಮುಗಿಯಿತೆ? ಸೊಲೊಮೋನ ಅರಸ ಕಟ್ಟಿಸಿದ ಆಲಯದೊಳಗೆ ನಡುವಿನ ದೊಡ್ಡ ಕೋಣೆಗೂ ಅದೇ ಹೆಸರು! ಮುಂದಿನ ಪಡಸಾಲೆ ಊಲಾಮ್, ನಡುವಿನದು ಹೇಕಲ್, ಪರದೆಯ ಹಿಂದೆ ದೇವರ ಪೆಟ್ಟಿಗೆ ಇಟ್ಟಿದ್ದ ತೀರಾ ಒಳಗಿನ ಕತ್ತಲ ಕೋಣೆ ದೆಬೀರ್. ಅಲ್ಲಿಗೆ ಮಹಾಯಾಜಕ ಒಬ್ಬನೇ ಹೋಗಬೇಕು, ಅದೂ ವರ್ಷಕ್ಕೊಂದು ದಿನ. ಒಮ್ಮೆ ಯಾದಗಿರಿಯ ನಮ್ಮ ಮನೆಗೆ ಬಂದವನು ಅವ್ವನ ಮುಂದೆ ಇದನ್ನೆಲ್ಲ ಬಿಚ್ಚಿಟ್ಟು, "ಅಕ್ಕಾ, ಇನ್ನೂ ಹಳೇ ಭಾಷಾದಾಗ ಹೇಕಲ್ ಅಂದ್ರ ದೊಡ್ಡ ಮನಿ" ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: "ಹಂಗಾರ ಆ ಸೊಲೊಮೋನ ನಮ್ಮ ಓಣಿ ದೊಡ್ಡಮನಿಯವರಿಗಿ ಏನಾಗಬೇಕೋ ತಮ್ಮಾ?" ಮಾಮಾ ರೊಟ್ಟಿ ಬಿಟ್ಟೆದ್ದು ಶಹಾಪುರದ ಬಸ್ಸು ಹಿಡಿದ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಹೋದ ಚಳಿಗಾಲದಲ್ಲಿ ಅವನ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಲಕ್ವಾ ಹೊಡೆಯಿತು. ಚರ್ಚಿನಲ್ಲಿ ಅವಳು ಹಾಡು ಎತ್ತಿಕೊಟ್ಟ ಮೇಲೆಯೇ ಉಳಿದವರ ಬಾಯಿ ತೆರೆಯುತ್ತಿತ್ತು. ಅವಳ ಸೀರೆಯ ನೆರಿಗೆ ನೋಡಿ ಬೇರೆ ಹೆಂಗಸರು ತಮ್ಮದನ್ನು ಸರಿಮಾಡಿಕೊಳ್ಳುತ್ತಿದ್ದರು. ಅಂಥವಳು ಆಸ್ಪತ್ರೆಯಿಂದ ಬಂದು ಒಳಕೋಣೆಯಲ್ಲಿ ಮಲಗಿದಳು.

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಲು ಹೋಗುವುದು ರೂಢಿ. ಬಾಳೆಹಣ್ಣು, ಬ್ರೆಡ್ಡು ಹಿಡಿದು ನೇರ ಮಂಚದ ತನಕ ಹೋಗಬೇಕು, ಮುಖ ನೋಡಬೇಕು, "ಹೆಂಗಿದ್ದಾಕಿ ಹೆಂಗಾದೆವ್ವಾ" ಎಂದು ಅಳಬೇಕು. ಹೋಗದಿದ್ದರೆ ಸಂಬಂಧ ಮುರಿದಂತೆ. ಬಂದವರನ್ನು ಒಳಗೆ ಬಿಡದಿದ್ದರೆ ಅದಕ್ಕಿಂತ ದೊಡ್ಡ ಅವಮಾನ.

ಮಾಮಾ ಬಿಡಲಿಲ್ಲ! ಗೋಗಿಯಿಂದ ಅತ್ತೆಯ ತವರಿನವರು ಒಂದು ಆಟೋ ತುಂಬಿಕೊಂಡು ಬಂದರು. ಪಡಸಾಲೆಯಲ್ಲಿ ಚಪ್ಪಲಿ ಬಿಡಿಸಿ ನಡುಮನೆಯಲ್ಲಿ ಕೂರಿಸಿದನಂತೆ. "ಇದು ಹೇಕಲ್. ಇದರ ಮುಂದ ದೆಬೀರ್. ಯಾಜಕನ್ನ ಬಿಟ್ಟು ಯಾರೂ ಹೋಗಂಗಿಲ್ಲ."

"ಯಾರ್ರೀ ಆ ಯಾಜಕ?" ಎಂದು ಅತ್ತೆಯ ಅಣ್ಣ ಕೇಳಿದರೆ, ಲುಂಗಿ ಎತ್ತಿ ಕಟ್ಟುತ್ತಾ "ನಾನಽ" ಎಂದ ಮಹಾನುಭಾವ! ಕೊನೆಗೆ ಆಟೋದವನೇ ಹಾರ್ನ್ ಹೊಡೆದು ಅವರನ್ನು ಪಾಠದಿಂದ ಬಿಡಿಸಿಕೊಂಡು ಹೋದ. ಚರ್ಚಿನ ಹೆಂಗಸರಿಗೂ ಇದೇ ಸತ್ಕಾರ. ಹೆಂಡತಿ ಅಲ್ಲಿ ಒಬ್ಬಳೇ ಬಿದ್ದಿರಬೇಕು, ಇವನು ಇಲ್ಲಿ ಸೊಲೊಮೋನನ ಗೋಡೆ ಅಳೆಯುತ್ತ ಕೂರಬೇಕು! ಕೇಳಿ ನನಗೆ ಮೈ ಉರಿದುಹೋಯಿತು. ಅತ್ತೆಯನ್ನು ಕರೆತಂದೇ ಬಿಡುತ್ತೇನೆಂದು ಶಹಾಪುರಕ್ಕೆ ಹೋದೆ.

"ಅತ್ತಾಗ ಸರಿ ಮಾಮಾ. ಅತ್ತೀನ ನಮ್ಮನಿಗಿ ಕರಕೊಂಡು ಹೊಂಟೀನಿ."

"ಹೇಕಲ್ ತನಕ ಬಂದೀಯಲ್ಲ, ಸಾಕು. ಚಾ ಕುಡಿ."

"ನಿನ್ನ ಹೇಕಲ್‌ಗೆ ಬೆಂಕಿ ಹತ್ತಲಿ! ಆಕಿ ನಿನ್ನ ಹೇಣ್ತಿನೋ, ದೇವರ ಪೆಟ್ಟಿಗಿನೋ? ಪರದಾ ಹಾಕಿ ಕಾಯಾಕತ್ತಿ!"

ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದೆ.

ಅತ್ತೆ ದಿಂಬಿಗೆ ಒರಗಿ ಕೂತಿದ್ದಳು. ನನ್ನನ್ನು ಕಂಡವಳೇ ಆಡುವ ಒಂದೇ ಕೈಯಿಂದ ಸೆರಗೆಳೆದು ಬಾಯಿ ಮುಚ್ಚಿಕೊಂಡಳು. ಮಾತು ತೊದಲುತ್ತಿತ್ತು. "ನಾನಽ ಹೇಳೀನಿ... ಯಾರ್ನೂ ಬಿಡಬ್ಯಾಡ್ರಿ ಅಂತ. ನನ್ನ ಮಾರಿ ನೋಡಿ ಅಳ್ತಾರವ್ವಾ."

ಮಾಮಾ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಹೇಳಿದ: "ಆಕಿ ಒಲ್ಲೆ ಅಂದ್ಲು ಅಂದ್ರ ಆಕಿಗಿ ಸೊಕ್ಕು ಅಂತಾರ. ನಂಗ ಹುಚ್ಚ ಅಂದ್ರ ಏನೂ ಹೋಗಂಗಿಲ್ಲ."

ಆಮೇಲೆ ಮಂಚದ ತುದಿಗೆ ಕೂತು ಗಂಜಿಯನ್ನು ಊದಿ ಊದಿ ಕುಡಿಸತೊಡಗಿದ. ಅತ್ತೆ ಸೆರಗನ್ನು ಮೆಲ್ಲಗೆ ಇಳಿಸಿದಳು. ತುಟಿಯ ಒಂದು ಬದಿ ಜೋತುಬಿದ್ದಿತ್ತು. ಅವನು ಅಲ್ಲಿ ಇಳಿದ ಗಂಜಿಯನ್ನು ಹೆಗಲ ಟವೆಲಿನಿಂದ ಒರೆಸಿ, "ಈಗ ನಗಾಕತ್ತಾಳ ನೋಡು" ಎಂದ. ನನಗೆ ನಗು ಕಾಣಲಿಲ್ಲ. ಅವನಿಗೆ ಕಾಣುತ್ತಿತ್ತು. ಈ ಮನುಷ್ಯನ ಮೇಲೆ ಆಗ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ?

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. "ಮನ್ಯಾಗ ಅದೀರೇನ್ರೀ? ಸುರಪುರದಿಂದ ಬಂದೇವ್ರಿ, ಅಕ್ಕಾರ್ನ ಮಾತಾಡ್ಸಾಕ!"

ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮಾಮಾ ಬಟ್ಟಲನ್ನು ನನ್ನ ಮಡಿಲಲ್ಲಿಟ್ಟು, ಪರದೆ ಎಳೆದು ಹೊರಗೆ ಹೋದ.

"ಬರ್ರಿ, ಬರ್ರಿ, ಇಲ್ಲೇ ಕುಂಡರ್ರಿ. ಮೊದಲ ಹೇಕಲ್ ಅಂದ್ರ ಏನು ಅಂತ ತಿಳಕೋರಿ..."

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಅತ್ತೆಯ ಹಿಡಿತ ಸಡಿಲಾಯಿತು. ಪುಣ್ಯಾತ್ಮಾ, ಇವತ್ತು ಪಾಠ ಲಗೂನ ಮುಗಿಸಬ್ಯಾಡೋ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ನಾನು ಚಮಚ ತುಂಬಿದೆ.