ಮನೆಗೊಂದು ಕರಡಿ

ಗುರುಮಲ್ಲಪ್ಪ ಮಾಸ್ಟರ ಅಡುಗೆಮನೆಯ ಬಾಗಿಲನ್ನು ಕರಡಿ ಆ ತಿಂಗಳಲ್ಲಿ ನಾಲ್ಕನೆಯ ಸಲ ಮುರಿದ ಬೆಳಿಗ್ಗೆ, ಅವರ ಹೆಂಡತಿ ಪುಷ್ಪಾ ಬಟ್ಟೆಯ ಬ್ಯಾಗನ್ನು ಮಂಚದ ಮೇಲೆ ತೆರೆದಿಟ್ಟಳು. ತುಂಬಲಿಲ್ಲ, ತೆರೆದಿಟ್ಟಳು ಅಷ್ಟೇ. ಇಷ್ಟು ವರ್ಷದ ಸಂಸಾರದಲ್ಲಿ ಮಾಸ್ಟರಿಗೆ ಈ ಎರಡರ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

“ಎಣ್ಣೆ ಡಬ್ಬ ಪೂರ್ತಿ ಕುಡ್ದದೆ. ಬೆಲ್ಲ ಒಂದಚ್ಚೂ ಬಿಟ್ಟಿಲ್ಲ” ಎಂದಳು ಪುಷ್ಪಾ. “ಇವತ್ತು ಬೋನು ಬರಲಿಲ್ಲ ಅಂದ್ರೆ ನಾನು ಗುಂಡ್ಲುಪೇಟೆಗೆ ಹೊರಟೆ ಕನ್ರೀ. ಆಮೇಲೆ ಕರಡಿಗೆ ನೀವೇ ಅಡುಗೆ ಮಾಡಿ ಬಡಿಸಿ.”

ಬೋನು ಬರುವುದು ಅಷ್ಟು ಸುಲಭವಾಗಿರಲಿಲ್ಲ. ಕೀಳ್ ಕೋತಗಿರಿಯ ಇಳಿಜಾರಿನಲ್ಲಿರುವ ಆ ಹಟ್ಟಿಗೆ ಫಾರೆಸ್ಟ್ ಗಾರ್ಡ್ ರಾಜೇಶ್‌ಕುಮಾರ್ ಹಿಂದಿನ ವಾರ ಬಂದಿದ್ದಾಗಲೇ ಹೇಳಿ ಹೋಗಿದ್ದ. ಇರುವುದು ಒಂದೇ ಬೋನು. ಕರಡಿ ಯಾರ ಮನೆಗೆ ಹೆಚ್ಚು ಸಲ ಬರುತ್ತದೋ ಅಲ್ಲಿಗೆ ಅದು. ಎಲ್ಲರೂ ನಮ್ಮ ಮನೆಗೆ, ನಮ್ಮ ಮನೆಗೆ ಎಂದರೆ ತಾನೇನು ಮಾಡುವುದು? ಶುಕ್ರವಾರ ಸಂಜೆ ಬರುತ್ತೇನೆ, ಅಷ್ಟರಲ್ಲಿ ನೀವೇ ತೀರ್ಮಾನಿಸಿಕೊಳ್ಳಿ ಎಂದಿದ್ದ. ಇವತ್ತು ಶುಕ್ರವಾರ.

ಶಾಲೆಯ ಮೆಟ್ಟಿಲು ಹತ್ತುವಾಗ ಮಾಸ್ಟರಿಗೆ ಉಪಾಯ ಹೊಳೆಯಿತು. ಏಳನೇ ತರಗತಿಗೆ ಆಗ ನಡೆಯುತ್ತಿದ್ದದ್ದು ದತ್ತಾಂಶ ಮತ್ತು ಸರಾಸರಿಯ ಪಾಠ. ಪುಸ್ತಕದಲ್ಲಿ ಯಾರೋ ಕ್ರಿಕೆಟ್ ಆಟಗಾರ ಹೊಡೆದ ರನ್ನುಗಳ ಲೆಕ್ಕವಿತ್ತು. ಅದನ್ನು ಮಾಡಿಸಿದಾಗಲೆಲ್ಲ ಮಕ್ಕಳು ಮಂಜಿನಲ್ಲಿ ಬಸ್ಸು ಕಾಯುವವರ ಹಾಗೆ ಕೂತಿರುತ್ತಿದ್ದರು. ಅದರ ಬದಲು ಶಾಲೆಯ ಸುತ್ತಲಿನ ಹನ್ನೆರಡು ಮನೆಗಳಿಗೆ ಅವರನ್ನೇ ಕಳಿಸಿ, ಕಳೆದೊಂದು ತಿಂಗಳಲ್ಲಿ ಕರಡಿ ಎಷ್ಟು ಸಲ ಬಂತು ಎಂದು ಕೇಳಿಕೊಂಡು ಬರಲು ಹೇಳಿದರೆ? ಪಾಠವೂ ಆಯಿತು, ಗಾರ್ಡಿಗೆ ಸಾಕ್ಷಿಯೂ ಆಯಿತು. ತಮ್ಮ ಮನೆಯ ನಾಲ್ಕನ್ನು ಯಾರೂ ಮೀರಲಾರರು ಎಂಬುದು ಅವರಿಗೆ ಖಚಿತವಿತ್ತು. ಸತ್ಯ ನಮ್ಮ ಕಡೆಗಿರುವಾಗ ಸತ್ಯವಂತರಾಗಿರುವುದು ಅಂಥ ಕಷ್ಟದ ಕೆಲಸವೇನಲ್ಲ.

ಮೊದಲ ಪೀರಿಯಡ್ಡಿನಲ್ಲೇ ಮಕ್ಕಳು ಚಹಾ ತೋಟದ ಕಾಲುದಾರಿಗಳಲ್ಲಿ ಚೆದುರಿಹೋದರು. ಬಂದವರೇ ಬೋರ್ಡಿನ ಮೇಲೆ ಅಂಕಿ ಬರೆದು, ಪ್ರತಿ ಮನೆಗೊಂದು ಸ್ತಂಭ ಎಳೆದರು. ಚಹಾ ಅಂಗಡಿ ಜಯರಾಮನ್ ಮನೆಗೆ ಎರಡು. ಮಾರಿಯಮ್ಮನ ಗುಡಿಯಲ್ಲಿ ದೀಪ ಹಚ್ಚುವ ಕಾಳಿಯಮ್ಮನ ಮನೆಗೆ ಮೂರು. ಮಾಸ್ಟರ ಮನೆಗೆ ನಾಲ್ಕು. ಉಳಿದವರದು ಒಂದು, ಇಲ್ಲವೇ ಸೊನ್ನೆ. ಎಲ್ಲ ಕೂಡಿದರೆ ಹನ್ನೆರಡು.

“ಹನ್ನೆರಡು ಸಲ, ಹನ್ನೆರಡು ಮನೆ. ಸರಾಸರಿ?”

“ಒಂದು ಸಾರ್” ಎಂದಿತು ತರಗತಿ.

“ಅಂದರೆ ಮನೆಗೊಂದು ಕರಡಿ” ಎಂದರು ಮಾಸ್ಟರು, ತೃಪ್ತಿಯಿಂದ.

ಮುಂದಿನ ಬೆಂಚಿನ ತೇನ್ಮೊಳಿ ಎದ್ದು ನಿಂತಳು. ಉತ್ತರ ಬಂದ ಮೇಲೂ ಪ್ರಶ್ನೆ ಕೇಳುವುದು ಅವಳ ಅಭ್ಯಾಸ. “ಸಾರ್, ಎಂಗ ಮನೆಗೆ, ನಮ್ಮನೆಗೆ, ಕರಡಿ ಬರಲೇ ಇಲ್ಲ. ಆದ್ರೂ ಒಂದಾ?”

“ಸರಾಸರಿಯಲ್ಲಿ ಒಂದು.”

“ಹಂಗಾದ್ರೆ ಎಂಗ ಪಾಲಿನ ಕರಡಿ ಎಲ್ಲಿಗೆ ಹೋಯ್ತು?”

“ನಮ್ಮ ಮನೆಗೆ ಬಂತು ಕಣಮ್ಮ. ಕೂತ್ಕೊ.”

ಎರಡನೆಯ ಪೀರಿಯಡ್ಡು ಶುರುವಾಗುವ ಹೊತ್ತಿಗೆ ಮಾಸ್ಟರ ಎಣಿಕೆ ಯಾವುದಕ್ಕೆ ಎಂಬುದು ಹಟ್ಟಿಗೆಲ್ಲ ಗೊತ್ತಾಗಿತ್ತು. ಮೊದಲು ಬಂದವನು ಜಯರಾಮನ್. ಭುಜದ ಮೇಲೆ ಗ್ಲಾಸು ಒರೆಸುವ ಬಟ್ಟೆ ಹಾಗೇ ಇತ್ತು.

“ಸಾರ್, ಎಂಗ ಮನೇದು ಎರಡು ಅಂತ ಹಾಕಿದ್ದೀರಂತೆ. ಹುಡುಗರಿಗೆ ಹೇಳಿದ್ದು ನನ್ನ ಹೆಂಡ್ತಿ. ಅವಳಿಗೆ ಕಣಕ್ಕು ಬರಲ್ಲ. ಎರಡು ದಾಟಿ ಎಣಿಸೋಕಾಗಲ್ಲ. ಹದಿನೈದು ಹಾಕಿ.”

“ಹದಿನೈದು ಸಲ ಬಂತಾ?”

“ನಾನು ಎದ್ದಿದ್ದಾಗ ಬಂದಿದ್ದು ಹದಿನೈದು. ಮಲಗಿದ್ದಾಗ ಬಂದಿದ್ದನ್ನ ಬಿಟ್ಟಿದ್ದೀನಿ. ನಂಗೆ ಆಸೆ ಇಲ್ಲ.”

ಅವನ ಹಿಂದೆಯೇ ಕಾಳಿಯಮ್ಮ, ಚಹಾ ಎಲೆಯ ಬುಟ್ಟಿಯ ಸಮೇತ. “ನಂದು ನಲವತ್ತು, ಮಾಸ್ಟ್ರೇ. ಬಾಗಿಲು ಮುರಿದು ಗುಡಿಯ ದೀಪದೆಣ್ಣೆ ಎಲ್ಲ ಕುಡೀತು.”

“ಕಾಳಿಯಮ್ಮ, ತಿಂಗಳಿಗೆ ಇರೋದೇ ಮೂವತ್ತು ದಿನ.”

“ಕೆಲವು ದಿನ ಎರಡು ಸಲ ಬರುತ್ತೆ. ಮೊದಲನೇ ಸಲ ಬಿಟ್ಟು ಹೋದದ್ದನ್ನ ತಗೊಂಡು ಹೋಗೋಕೆ.”

ಹನ್ನೊಂದು ಗಂಟೆಗೆ ಶಾಲೆಯ ಜಗಲಿಯ ತುಂಬ ಜನ. ಎಲೆ ತೂಕಕ್ಕೆ ಸಾಲು ನಿಂತ ಹಾಗೆ ನಿಂತಿದ್ದರು. ಪ್ರತಿಯೊಬ್ಬನೂ ಮುಂದಿನವನ ಅಂಕಿಯನ್ನು ಕಿವಿಗೊಟ್ಟು ಕೇಳಿ ತನ್ನದನ್ನು ಅದಕ್ಕಿಂತ ಸ್ವಲ್ಪ ಮೇಲೆ ಹೇಳುತ್ತಿದ್ದ. ಒಳಗೆ ತೇನ್ಮೊಳಿ ಬೋರ್ಡು ಒರೆಸಿ ಒರೆಸಿ ಸರಾಸರಿ ತಿದ್ದುತ್ತಿದ್ದಳು: ಒಂಬತ್ತು, ಹದಿಮೂರು, ಇಪ್ಪತ್ತೆರಡು. ಅಷ್ಟು ಹುರುಪಿನಿಂದ ಭಾಗಾಕಾರ ಮಾಡುವ ಮಕ್ಕಳನ್ನು ಮಾಸ್ಟರು ತಮ್ಮ ಉದ್ಯೋಗದಲ್ಲೇ ಕಂಡಿರಲಿಲ್ಲ. ಆದರೆ ಆ ಉದ್ದುದ್ದ ಸ್ತಂಭಗಳ ನಡುವೆ ಅವರ ಮನೆಯ ನಾಲ್ಕು, ಮದುವೆಯ ಫೋಟೋದಲ್ಲಿ ದೊಡ್ಡವರ ಸಂದಿಯಲ್ಲಿ ಸಿಕ್ಕಿಕೊಂಡ ಮಗುವಿನ ಹಾಗೆ ಕಾಣುತ್ತಿತ್ತು. ಮಂಚದ ಮೇಲಿನ ಬ್ಯಾಗು ಅವರ ಕಣ್ಣ ಮುಂದೆ ಬಂತು.

ತಾವೂ ಐವತ್ತು ಎಂದು ಬರೆಯಬಹುದಿತ್ತು. ಒಂದು ಕ್ಷಣ ಸೀಮೆಸುಣ್ಣ ಕೈಗೆ ತೆಗೆದುಕೊಂಡರು ಕೂಡ. ಕೊಟ್ಟಿರುವ ಅಂಕಿಯನ್ನು ಉತ್ತರಕ್ಕೆ ಹೊಂದುವಂತೆ ತಿದ್ದಿದ ಮಕ್ಕಳ ಕಿವಿ ಹಿಂಡಿದ ಕೈ ಅದು. ಬರೆಯಲು ಒಪ್ಪಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಜಗಲಿಗೆ ಬಂದರು.

“ನೋಡಿ, ಎಲೆ ತೂಕದಲ್ಲಿ ಅರ್ಧ ಕಿಲೋ ಹೆಚ್ಚುಕಮ್ಮಿ ಆದರೆ ನೀವೇ ರಂಪ ಮಾಡ್ತೀರಿ. ಕರಡಿ ಲೆಕ್ಕದಲ್ಲಿ ಮಾತ್ರ ಬಾಯಿಗೆ ಬಂದದ್ದು ಹೇಳಬಹುದಾ? ಒಳಗೆ ನಿಮ್ಮ ಮಕ್ಕಳೇ ಕೂತವರೆ. ತಪ್ಪು ಅಂಕಿಯಿಂದ ಸರಿಯಾದ ಉತ್ತರ ಬರಲ್ಲ ಅಂತ ನಾನು ಅವರಿಗೆ ಯಾವ ಬಾಯಲ್ಲಿ ಹೇಳಲಿ? ಮನೆಗೆ ಹೋಗಿ ಒಂದು ಸಲ ಯೋಚನೆ ಮಾಡಿ.”

ಒಬ್ಬೊಬ್ಬರಾಗಿ ಇಳಿದು ಹೋದರು. ಹೋದವರು ಜಯರಾಮನ್ ಅಂಗಡಿಯ ಮುಂದೆ ಮತ್ತೆ ಗುಂಪಾಗಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಜಯರಾಮನ್ ಯಾರೊಂದಿಗೋ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದ. ಉಳಿದವರು ಸುತ್ತ ನಿಂತು ಕೇಳಿಸಿಕೊಂಡರು.

ಮಧ್ಯಾಹ್ನದ ಊಟದ ಸಾಂಬಾರಿನ ವಾಸನೆ ಇನ್ನೂ ಆರಿರಲಿಲ್ಲ. ಜಯರಾಮನ್ ತರಗತಿಯ ಬಾಗಿಲಿಗೆ ಬಂದು ನಿಂತ.

“ಸಾರ್, ನೀವು ಹೇಳಿದ್ದು ಮನಸ್ಸಿಗೆ ತಾಕಿತು. ಹದಿನೈದು ಬೇಡ.”

“ಎರಡೇ ಇರಲಾ?”

“ಸೊನ್ನೆ ಹಾಕಿ.”

“ನಿಮ್ಮ ಹೆಂಡತಿ ಎರಡು ಅಂದಿದ್ದರಲ್ಲ?”

“ಹೇಳಿದ್ನಲ್ಲ ಸಾರ್, ಅವಳಿಗೆ ಕಣಕ್ಕು ಬರಲ್ಲ.”

ಕಾಳಿಯಮ್ಮನೂ ಬಂದಳು. ಅವಳದೂ ಸೊನ್ನೆ.

“ಗುಡಿಯ ದೀಪದೆಣ್ಣೆ ಎಲ್ಲ ಕುಡೀತು ಅಂದಿದ್ರಿ?”

“ಬೆಕ್ಕು ಇರಬೇಕು.”

“ಬೆಕ್ಕು ಬಾಗಿಲು ಮುರಿಯುತ್ತಾ, ಕಾಳಿಯಮ್ಮ?”

ಅವಳು ಸ್ವಲ್ಪ ಯೋಚಿಸಿದಳು. “ದೊಡ್ಡ ಬೆಕ್ಕು” ಎಂದಳು.

ಎರಡೂವರೆಯ ಹೊತ್ತಿಗೆ ಬೋರ್ಡಿನಲ್ಲಿ ಉಳಿದದ್ದು ಎರಡೇ ಸ್ತಂಭ, ಮಾಸ್ಟರ ನಾಲ್ಕು ಮತ್ತು ಇನ್ನೊಂದು ಮನೆಯ ಒಂದು. ಸ್ಟಾಫ್ ರೂಮಿನಲ್ಲಿ ಅವರು ಅದೇ ಹಟ್ಟಿಯವರಾದ ಹೆಡ್ಮಿಸ್ ವಸಂತಾಮಣಿಯವರ ಮುಂದೆ ಕೂತು, “ಟೀಚರ್, ಎರಡು ಮಾತು ಹೇಳಿದ್ದಕ್ಕೆ ಒಬ್ಬರೂ ಬಿಡದೆ ಬಂದು ತಿದ್ದಿಸಿಕೊಂಡು ಹೋದರು. ಗಣಿತ ಮನುಷ್ಯನನ್ನು ತಿದ್ದುತ್ತೆ ಅನ್ನೋದು ಸುಳ್ಳಲ್ಲ” ಎಂದರು. ಅವರ ಮನಸ್ಸು ತುಂಬಿಬಂದಿತ್ತು.

ವಸಂತಾಮಣಿ ಕನ್ನಡಕ ಒರೆಸಿಕೊಂಡರು. “ಹಂಗಾ ಸಾರ್? ನಮ್ಮ ಮನೇದು ಒಂದು ಅಂತ ಇದೆ. ಅದನ್ನೂ ಸೊನ್ನೆ ಮಾಡಿಬಿಡಿ.”

ನಾಲ್ಕು ಗಂಟೆಗೆ ರಾಜೇಶ್‌ಕುಮಾರ್ ಬಂದ. ಬೋರ್ಡು ನೋಡಿದ. ಅವನು ನೋಡಿದ ತಗಾದೆಗಳಲ್ಲಿ ಇಷ್ಟು ಸಲೀಸಾಗಿ ಬಗೆಹರಿದದ್ದು ಬೇರೊಂದಿರಲಿಲ್ಲ.

“ಅಷ್ಟೂ ನಿಮ್ಮ ಮನೆಗೇನಾ ಸಾರ್?”

“ಮಕ್ಕಳು ಸಂಗ್ರಹಿಸಿದ ದತ್ತಾಂಶ” ಎಂದರು ಮಾಸ್ಟರು.

ಜೀಪು ಬರಲಾಗದ ಕಾಲುದಾರಿಯಲ್ಲಿ ಆ ಕಬ್ಬಿಣದ ಬೋನನ್ನು ಹೊರುವುದು ಹೇಗೆಂದು ಗಾರ್ಡು ಯೋಚಿಸುವಷ್ಟರಲ್ಲಿ ಹಟ್ಟಿಯ ಗಂಡಸರೆಲ್ಲ ಕರೆಯದೆಯೇ ಬಂದು ಹೆಗಲು ಕೊಟ್ಟರು. ಜಯರಾಮನ್ ಎಲ್ಲರಿಗಿಂತ ಮುಂದಿದ್ದ. ಮಾಸ್ಟರ ಹಿತ್ತಲಲ್ಲಿ ಅದನ್ನು ಇಳಿಸಿ, ಅಲುಗಾಡದಂತೆ ಕಲ್ಲು ಕೊಟ್ಟು, ಚಹಾ ಕೂಡ ಕುಡಿಯದೆ ಹೋದರು. ಮಾಸ್ಟರ ಮನಸ್ಸು ಎರಡನೆಯ ಸಲ ತುಂಬಿಬಂತು. ಪುಷ್ಪಾ ಬ್ಯಾಗಿನ ಜಿಪ್ಪು ಎಳೆದು ಅದನ್ನು ಅಟ್ಟಕ್ಕೆ ಎಸೆದಳು.

ಹೊರಡುವ ಮುಂಚೆ ರಾಜೇಶ್‌ಕುಮಾರ್ ಎರಡು ಮಾತು ಹೇಳಿದ. ಬೋನಿನೊಳಗೆ ದಿನಾ ಸಂಜೆ ಹಲಸಿನ ಹಣ್ಣು, ಬೆಲ್ಲ, ಒಂದಿಷ್ಟು ಎಣ್ಣೆ ಇಡಬೇಕು, ಅದು ಮನೆಯವರ ಜವಾಬ್ದಾರಿ. ಮತ್ತೆ, ಒಮ್ಮೆ ಇಟ್ಟ ಬೋನನ್ನು ಕರಡಿ ಬೀಳುವವರೆಗೂ ತೆಗೆಯುವಂತಿಲ್ಲ.

ಕರಡಿ ಬೀಳಲಿಲ್ಲ. ಹಲಸಿನ ವಾಸನೆ ಗಾಳಿಗೆ ಇಳಿಜಾರಿನ ಉದ್ದಕ್ಕೂ ಹಬ್ಬಿತು. ಇಷ್ಟು ದಿನ ಹಟ್ಟಿಯಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದ ಕರಡಿ ಈಗ ನೇರವಾಗಿ ಮಾಸ್ಟರ ಹಿತ್ತಲಿಗೆ ಬಂದು, ಬೋನಿನ ಹೊರಗೆ ಕೂತು, ಸರಳಿನ ಸಂದಿಯಿಂದ ಕೈ ಹಾಕಿ ಹಣ್ಣನ್ನು ಎಳೆದುಕೊಂಡು, ಸಾವಕಾಶವಾಗಿ ತಿಂದು ಹೋಗತೊಡಗಿತು. ಮೊದಲು ಕದ್ದು ತಿನ್ನುತ್ತಿತ್ತು. ಈಗ ಅದಕ್ಕೆ ಹೊತ್ತಿಗೆ ಸರಿಯಾಗಿ ಬಡಿಸಬೇಕಿತ್ತು. ಎರಡನೆಯ ವಾರ ಪುಷ್ಪಾ ಅಟ್ಟದಿಂದ ಬ್ಯಾಗು ಇಳಿಸಿದಳು. ಈ ಸಲ ತುಂಬಿದಳು.

ಮಾಸ್ಟರು ಅಂಗೈಗೆ ಎಣ್ಣೆ ಸವರಿಕೊಂಡು ಹಲಸು ಬಿಡಿಸುತ್ತಿದ್ದ ಒಂದು ಸಂಜೆ, ಬೇಲಿಯಾಚೆ ಜಯರಾಮನ್ ನಿಂತ.

“ಹಣ್ಣು ಚೆನ್ನಾಗಿದೆ ಸಾರ್.”

“ಜಯರಾಮನ್, ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?”

“ಆವತ್ತು ಮಧ್ಯಾಹ್ನ ಗೊತ್ತಾಯ್ತು. ನಮ್ಮ ಮಾವನ ಹಟ್ಟೀಲಿ ಹೋದ ವರ್ಷ ಇದೇ ಬೋನು ಇಟ್ಟಿದ್ರು. ಬೋನಿರೋ ಮನೆಗೆ ದಿನಾ ಕರಡಿ, ಉಳಿದ ಮನೆಗಳಿಗೆ ನಿದ್ದೆ ಅಂತ ಫೋನಲ್ಲಿ ಹೇಳಿದ್ರು.”

“ನನಗೊಂದು ಮಾತು ಹೇಳಬಾರದಿತ್ತಾ?”

ಜಯರಾಮನ್‌ಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನೀವು ಲೆಕ್ಕದವರು ಸಾರ್. ನಿಮಗೆ ಗೊತ್ತಿಲ್ಲದ್ದಾ? ಊರಿಗೋಸ್ಕರ ಬೇಕಂತಲೇ ತಗೊಂಡ್ರಿ ಅಂತ ನಾವೆಲ್ಲ ಮಾತಾಡ್ಕೊಂಡ್ವಿ.”

ಬೋನು ಇಟ್ಟು ಒಂದು ತಿಂಗಳಾಯಿತು. ಶುರು ಮಾಡಿದ ಪಾಠವನ್ನು ಅರ್ಧಕ್ಕೆ ಬಿಡುವವರಲ್ಲ ಗುರುಮಲ್ಲಪ್ಪ ಮಾಸ್ಟರು. ಮಕ್ಕಳನ್ನು ಮತ್ತೆ ಹನ್ನೆರಡು ಮನೆಗಳಿಗೆ ಕಳಿಸಿದರು. ಹನ್ನೊಂದು ಮನೆಗಳಿಂದ ಸೊನ್ನೆ ಬಂತು, ಈ ಸಲ ಪ್ರಾಮಾಣಿಕವಾದ ಸೊನ್ನೆ. ಹನ್ನೆರಡನೆಯದನ್ನು ಮಾಸ್ಟರೇ ಬರೆದರು. ಮಳೆಯಿಂದ ಕರಡಿ ಬಾರದ ಹದಿನೆಂಟು ದಿನ ಬಿಟ್ಟು, ಹನ್ನೆರಡು.

ತೇನ್ಮೊಳಿ ಭಾಗಿಸಿದಳು. “ಸಾರ್, ಸರಾಸರಿ ಬದಲಾಗೇ ಇಲ್ಲ. ಈಗಲೂ ಮನೆಗೊಂದು ಕರಡಿ.”

ಉತ್ತರ ಸರಿಯಾಗಿತ್ತು. ಮಾಸ್ಟರು ಪೂರ್ತಿ ಅಂಕ ಕೊಟ್ಟರು. ಅವಳು ಮಾತ್ರ ಕೂರಲಿಲ್ಲ.

“ಸಾರ್, ಎಂಗ ಪಾಲಿನ ಕರಡಿ ಚೆನ್ನಾಗಿ ತಿನ್ನುತ್ತಾ?”